ಇಡ್ಲಿಯ ಹಿಟ್ಟೂ ಗೋಬರ್ ಅನಿಲವೂ: ಎರಡು ಸೂಕ್ಷ್ಮಕುಲಗಳ ಕಥೆ

ಹೋಟೆಲಿನ ಅಡಿಗೆಮನೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯ ಅಂಚನ್ನು ಮುಟ್ಟುವುದು. ಇದು ಯಾರ ಕೆಲಸ? ಲ್ಯೂಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಗಳು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ಹುಳಿಯಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಮಾರ್ಪಡಿಸುವುದರಿಂದ ಹಿಟ್ಟು ಉಬ್ಬುತ್ತದೆ. ಇನ್ನು ಊರಿನ ಕೊಟ್ಟಿಗೆಯ ಬದಿಯ ಗೋಬರ್ ಅನಿಲದ ಗುಂಡಿಯನ್ನು ನೆನೆಯಿರಿ. ಒಲೆಯಲ್ಲಿ ನೀಲಿಯಾಗಿ ಉರಿಯುವ ಆ ಮೀಥೇನನ್ನು ಕೊಡುವುವೂ ಕಣ್ಣಿಗೆ ಕಾಣದ ಜೀವಿಗಳೇ. ಇವೆರಡೂ ಒಂದೇ ಕುಲದವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಹಾಗಲ್ಲವೆಂದು 1977ರಲ್ಲಿ ತಿಳಿದುಬಂದಾಗ ಜೀವರಾಶಿಯ ವಂಶಾವಳಿಯನ್ನೇ ತಿದ್ದಬೇಕಾಯಿತು.

ಬ್ಯಾಕ್ಟೀರಿಯಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದ ಲೀವನ್‌ಹುಕ್. ಮೆಣಸು ನಾಲಗೆಗೆ ಖಾರವಾಗುವುದೇಕೆಂದು ತಿಳಿಯುವುದಕ್ಕಾಗಿ ಅದನ್ನು ನೀರಿನಲ್ಲಿ ನೆನೆಯಿಟ್ಟು, ತಾನೇ ಉಜ್ಜಿ ಮಾಡಿದ ಮಸೂರದಿಂದ 1676ರಲ್ಲಿ ನೋಡಿದನು. ಖಾರದ ಗುಟ್ಟು ತಿಳಿಯಲಿಲ್ಲ. ಲೆಕ್ಕವಿಲ್ಲದಷ್ಟು ಅಣುಜೀವಿಗಳು ಕಂಡವು! ಮುಂದಿನ ಪಂಡಿತರು ಅವುಗಳನ್ನು ಕಡ್ಡಿಯಂತಿರುವುವು, ಗುಂಡಗಿರುವುವು, ಸುರುಳಿಯಾಗಿರುವುವು ಎಂದು ರೂಪದಿಂದ ವಿಂಗಡಿಸಿದರು. ಕೋಶಕೇಂದ್ರವಿಲ್ಲದ ಜೀವಿಗಳೆಲ್ಲವೂ ಒಂದೇ ಗುಂಪಿಗೆ ಸೇರಿದವು. ಉಡುಪನ್ನು ನೋಡಿ ಊರನ್ನು ಹೇಳಿದಂತಾಯಿತು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಎಂಬವರು ಬೇರೊಂದು ದಾರಿ ಹಿಡಿದರು. ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನನ್ನು ತಯಾರಿಸುವ ರೈಬೋಸೋಮ್ ಎಂಬ ಯಂತ್ರವುಂಟು. ಅದರೊಳಗಿನ ಆರ್.ಎನ್.ಎ. ಎಳೆಯ ಅಕ್ಷರಗಳು ತಲೆಮಾರಿನಿಂದ ತಲೆಮಾರಿಗೆ ಬಹು ನಿಧಾನವಾಗಿ ಬದಲಾಗುತ್ತವೆ. ಒಂದೇ ಮೂಲಪತ್ರವನ್ನು ಹಲವು ಗುಮಾಸ್ತರು ಒಬ್ಬರಾದ ಮೇಲೊಬ್ಬರು ನಕಲು ಮಾಡುತ್ತ ಬಂದರೆಂದುಕೊಳ್ಳಿ. ಯಾವ ನಕಲಿನಲ್ಲಿ ಯಾವ ತಪ್ಪು ಉಳಿದಿದೆಯೆಂದು ನೋಡಿ, ಯಾವುದು ಯಾವುದರಿಂದ ಬಂದಿತೆಂದು ಹೇಳಬಹುದಷ್ಟೆ. ವೋಸ್ ಮಾಡಿದುದೂ ಇದನ್ನೇ. ಸಹೋದ್ಯೋಗಿ ರಾಲ್ಫ್ ವುಲ್ಫ್ ಕೊಟ್ಟ, ಮೀಥೇನ್ ಉತ್ಪಾದಿಸುವ ಜೀವಿಗಳ ಎಳೆಯನ್ನು ಓದಿದಾಗ ಅದು ಬ್ಯಾಕ್ಟೀರಿಯದ ನಕಲಿಗೂ ಹೊಂದಲಿಲ್ಲ, ನಮ್ಮಂಥ ಪ್ರಾಣಿಗಳ ನಕಲಿಗೂ ಹೊಂದಲಿಲ್ಲ.

ಜಾರ್ಜ್ ಫಾಕ್ಸ್ ಅವರೊಡನೆ ವೋಸ್ ಇದನ್ನು ಪ್ರಕಟಿಸಿದಾಗ ಅನೇಕರು ನಕ್ಕರು. ನೊಬೆಲ್ ಪಾರಿತೋಷಕ ಪಡೆದಿದ್ದ ಲೂರಿಯಾ ಅವರು ವುಲ್ಫರಿಗೆ ದೂರವಾಣಿ ಮಾಡಿ, ಈ ಹುಚ್ಚಿನಿಂದ ದೂರವಿರಬೇಕೆಂದು ಎಚ್ಚರಿಸಿದರಂತೆ. ವೋಸ್ ಹಿಂಜರಿಯಲಿಲ್ಲ. 1990ರಲ್ಲಿ ಅವರೂ ಇಬ್ಬರು ಸಂಗಡಿಗರೂ ಜೀವರಾಶಿಯನ್ನು ಮೂರು ಮಹಾವಿಭಾಗಗಳಾಗಿ ಹಂಚಿದರು: ಬ್ಯಾಕ್ಟೀರಿಯ, ಆರ್ಕಿಯ, ಮತ್ತು ಕೋಶಕೇಂದ್ರವುಳ್ಳವು. ಗಿಡಮರ, ಅಣಬೆ, ಮನುಷ್ಯ ಎಲ್ಲವೂ ಮೂರನೆಯದರಲ್ಲಿ ಅಡಗಿಹೋದವು. ಸ್ವೀಡನ್ನಿನ ಕ್ರಾಫೋರ್ಡ್ ಪಾರಿತೋಷಕ ಅವರಿಗೆ ಸಂದದ್ದು 2003ರಲ್ಲಿ, ತೀರಿಕೊಂಡದ್ದು 2012ರಲ್ಲಿ.

ಭೇದಗಳು ಸಾಮಾನ್ಯವಲ್ಲ. ಬ್ಯಾಕ್ಟೀರಿಯದ ಹೊರಗೋಡೆ ಹೆಚ್ಚಾಗಿ ಪೆಪ್ಟಿಡೊಗ್ಲೈಕನ್ ಎಂಬ ದ್ರವ್ಯದಿಂದಾದುದು. ಪೆನಿಸಿಲಿನ್ ಆ ಗೋಡೆಯನ್ನು ಕಟ್ಟಗೊಡಿಸದೆ ರೋಗಾಣುವನ್ನು ಕೊಲ್ಲುತ್ತದೆ. ಆರ್ಕಿಯಗಳಲ್ಲಿ ಆ ದ್ರವ್ಯವೇ ಇಲ್ಲವಾದುದರಿಂದ ಪೆನಿಸಿಲಿನ್ನಿಗೆ ಅವು ಜಗ್ಗವು. ಅವುಗಳ ಪೊರೆಯ ಕೊಬ್ಬಿನ ಬೆಸುಗೆಯೂ ಬೇರೆ ಬಗೆಯದು. ಕುದಿಯುವ ಬಿಸಿನೀರಿನ ಬುಗ್ಗೆಗಳಲ್ಲಿ ಬಾಳುವ ಆರ್ಕಿಯಗಳುಂಟು. ಉಪ್ಪಿನ ಗದ್ದೆಗಳಿಗೆ ಕೆಂಪುಬಣ್ಣ ತರುವುವೂ ಉಂಟು. ಕಾಲರಾ, ಕ್ಷಯ, ವಿಷಮಜ್ವರಗಳೆಲ್ಲ ಬ್ಯಾಕ್ಟೀರಿಯದ ಕಾಣಿಕೆ. ಮನುಷ್ಯನಿಗೆ ರೋಗ ತರುವುದೆಂದು ಸಿದ್ಧಪಟ್ಟ ಆರ್ಕಿಯ ಒಂದೂ ಇಲ್ಲ. ವಿಚಿತ್ರವೆಂದರೆ, ವಂಶದಲ್ಲಿ ಆರ್ಕಿಯಗಳು ಬ್ಯಾಕ್ಟೀರಿಯಕ್ಕಿಂತ ನಮಗೇ ಹತ್ತಿರ. ಉತ್ತರಧ್ರುವ ಸಮುದ್ರದ ತಳದ ಕೆಸರಿನಲ್ಲಿ ದೊರೆತು 2015ರಲ್ಲಿ ಪ್ರಕಟವಾದ ಲೋಕಿ ಎಂಬ ಆರ್ಕಿಯದ ವಂಶವಾಹಿಗಳು ಈ ನಂಟನ್ನು ಇನ್ನಷ್ಟು ಗಟ್ಟಿಮಾಡಿದವು.

ಸೆಗಣಿಯ ಗುಂಡಿಯಲ್ಲಿ ಎರಡು ಕುಲಗಳೂ ಜೊತೆಯಾಗಿ ದುಡಿಯುತ್ತವೆ. ಬ್ಯಾಕ್ಟೀರಿಯಗಳು ಮೊದಲು ನಾರನ್ನೂ ಹಿಟ್ಟನ್ನೂ ಒಡೆದು ಜಲಜನಕ, ಇಂಗಾಲಾಮ್ಲ ವಾಯು, ಅಸಿಟಿಕ್ ಆಮ್ಲಗಳನ್ನು ಬಿಡುತ್ತವೆ. ಅವುಗಳಿಂದ ಆರ್ಕಿಯಗಳು ಮೀಥೇನ್ ಮಾಡುತ್ತವೆ. ಆಮ್ಲಜನಕ ತಗುಲಿದರೆ ಇವುಗಳ ಕೆಲಸ ನಿಲ್ಲುವುದರಿಂದಲೇ ಗುಂಡಿಯನ್ನು ಗಾಳಿಯಾಡದಂತೆ ಮುಚ್ಚುವುದು. ನಮ್ಮವರ ಹೋಟೆಲುಗಳಿಗೆ ಹೆಸರಾದ ಮುಂಬಯಿಯ ಮಾಟುಂಗಾದಲ್ಲಿ, ಕುಷ್ಠರೋಗಿಗಳ ಆಶ್ರಮವೊಂದು 1897ರಷ್ಟು ಹಿಂದೆಯೇ ಮಲಗುಂಡಿಯ ಅನಿಲವನ್ನು ಹಿಡಿದು ಬಳಸಿತ್ತು. ಅದನ್ನು ಕೊಟ್ಟ ಜೀವಿಗಳನ್ನು ಬೇರೊಂದು ಕುಲವೆಂದು ಗುರುತಿಸುವುದಕ್ಕೆ ಮತ್ತೆ 80 ವರ್ಷ ಹಿಡಿಯಿತು.