ಹುಡುಗನ ಎತ್ತರ, ಆಟಗಾರನ ಸ್ಥಾನ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ವಿದ್ಯಾರಣ್ಯಪುರಂನ ಯಾವ ಬೀದಿಯಲ್ಲಿ ನಡೆದರೂ ಕಿವಿಗೆ ಬೀಳುವ ಮಾತು ಒಂದೇ: ವಿಜ್ಞಾನವೋ, ವಾಣಿಜ್ಯವೋ, ಯಾವ ಕಾಲೇಜು? ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೆಸರು ತೆಗೆದ ಹುಡುಗನ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ಆಟದ ಬಲದಿಂದ ಒಂದು ಸೀಟು, ಇಲ್ಲವೆ ಶುಲ್ಕದಲ್ಲಿ ಒಂದಷ್ಟು ರಿಯಾಯಿತಿ ಸಿಕ್ಕೀತೆ ಎಂಬುದು ಆ ಪ್ರಶ್ನೆ. ಆದರೆ ಕಾಲೇಜಿನ ತಂಡದಲ್ಲಿ ಇವನು ಯಾವ ಸ್ಥಾನದಲ್ಲಿ ಆಡತಕ್ಕವನು ಎಂದು ಕೇಳುವ ತಂದೆತಾಯಿಗಳು ಕಡಮೆ. ಮೊದಲನೆಯ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಈ ಎರಡನೆಯದರೊಳಗೇ ಅಡಗಿರುವುದರಿಂದ ಇದನ್ನು ತುಸು ಬಿಡಿಸಿ ನೋಡೋಣ.

ನಾನು ಕನ್ನಡ ಪಂಡಿತ, ವ್ಯಾಯಾಮ ಶಿಕ್ಷಕನಲ್ಲ. ಆದರೆ ಶನಿವಾರ ಮಧ್ಯಾಹ್ನ ತಂಡದ ಜೊತೆಗೆ ಕಳುಹಿಸಲು ಒಬ್ಬ ಉಪಾಧ್ಯಾಯರು ಬೇಕಾದಾಗ ಬಿಡುವಾಗಿರುವವನು ಕನ್ನಡದವನೇ ಎಂಬುದು ಹೈಸ್ಕೂಲುಗಳಲ್ಲೆಲ್ಲ ಬೇರೂರಿದ ನಂಬಿಕೆ. ಹೀಗೆ ಅಂಕಗಳ ಪುಸ್ತಕ ಹಿಡಿದು ಬೆಂಚಿನ ತುದಿಯಲ್ಲಿ ಕುಳಿತು ಹಲವು ವರ್ಷ ಆಟ ನೋಡಿದ್ದೇನೆ. ಬಲ್ಲವರನ್ನು ಕೇಳಿ ತಿಳಿದಿದ್ದೇನೆ. ಆ ತಿಳಿವಳಿಕೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿದರು. ತರಗತಿಯಲ್ಲಿ ಇದ್ದವರು ಹದಿನೆಂಟು ಮಂದಿ. ಆದುದರಿಂದ ಪಕ್ಷಕ್ಕೆ ಒಂಬತ್ತು ಜನ. ಬುಟ್ಟಿ ಹೋಗಿ ಕಬ್ಬಿಣದ ರಿಂಗು ಬಂತು, ಒಂಬತ್ತು ಹೋಗಿ ಐದಾಯಿತು. ಆದರೆ ಆ ಹತ್ತು ಅಡಿ, ಎಂದರೆ 3.05 ಮೀಟರ್, ಇಂದಿಗೂ ಕದಲಿಲ್ಲ. ಪೀಠಿಕೆ ಇಷ್ಟು ಸಾಕು.

ಐದು ಮಂದಿಗೆ ಐದು ಸ್ಥಾನ. ಚೆಂಡನ್ನು ತಟ್ಟುತ್ತ ಮೇಲಕ್ಕೆ ತಂದು ಆಟವನ್ನು ನಡೆಸುವವನು ಪಾಯಿಂಟ್ ಗಾರ್ಡ್, ನಾಟಕದ ಸೂತ್ರಧಾರನೆನ್ನಿ. ದೂರದಿಂದ ಗುರಿಯಿಟ್ಟು ಎಸೆಯುವವನು ಶೂಟಿಂಗ್ ಗಾರ್ಡ್. ಪಕ್ಕದಿಂದ ನುಗ್ಗುವವನು ಸ್ಮಾಲ್ ಫಾರ್ವರ್ಡ್. ರಿಂಗಿನ ಹತ್ತಿರ ಮೈಯೊಡ್ಡಿ ಕಾದಾಡುವವರು ಪವರ್ ಫಾರ್ವರ್ಡ್ ಮತ್ತು ಸೆಂಟರ್. (ಈ ಹೆಸರುಗಳಿಗೆಲ್ಲ ಕನ್ನಡ ಮಾಡಿಕೊಡಿ ಎಂದು ಒಮ್ಮೆ ಹುಡುಗರು ಕೇಳಿದರು. ‘ಬುಟ್ಟಿಚೆಂಡು’ ಎಂದು ಆರಂಭಿಸಿದೊಡನೆ ನಕ್ಕುಬಿಟ್ಟರು, ಅಲ್ಲಿಗೇ ಬಿಟ್ಟೆ.) ಈ ಸ್ಥಾನಗಳು ಹುಟ್ಟಿನಿಂದ ಬರುವ ಜಾತಿಗಳಲ್ಲ, ವಿಭಕ್ತಿಗಳಿದ್ದಂತೆ. ‘ಮರ’ ಎಂಬ ಪ್ರಕೃತಿ ಒಂದೇ. ಮರವು, ಮರವನ್ನು, ಮರದಿಂದ ಎಂದು ಪ್ರತ್ಯಯ ಬದಲಾದ ಹಾಗೆ ವಾಕ್ಯದಲ್ಲಿ ಅದರ ಕೆಲಸ ಬೇರೆಯಾಗುತ್ತದೆ. ಆಟಗಾರನಿಗೂ ವಾಕ್ಯ ಬದಲಾದಾಗ, ಎಂದರೆ ಶಾಲೆಯಿಂದ ಕಾಲೇಜಿಗೆ ಹೋದಾಗ, ಕೆಲಸ ಬದಲಾಗುವುದು ಸಹಜ.

ತೊಡಕು ಬರುವುದು ಇಲ್ಲಿಯೇ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ಜೊತೆಯವರಿಗಿಂತ ಒಂದು ಗೇಣು ಎತ್ತರವಾಗಿದ್ದರೆ ಅವನನ್ನು ರಿಂಗಿನ ಕೆಳಗೆ ನಿಲ್ಲಿಸುತ್ತಾರೆ. ಕೈಯೆತ್ತಿದರೆ ಚೆಂಡು ಸಿಗುತ್ತದೆ, ಹಾಕಿದರೆ ಅಂಕ ಬರುತ್ತದೆ, ಶಾಲೆಗೆ ಕಪ್ಪು ಬರುತ್ತದೆ. ಮೂರು ವರ್ಷ ಅವನು ಚೆಂಡನ್ನು ತಟ್ಟಿಕೊಂಡು ಹತ್ತು ಹೆಜ್ಜೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಕಾಲೇಜಿಗೆ ಕಾಲಿಟ್ಟ ದಿನ ನೋಡಿದರೆ ಅವನಷ್ಟೇ ಎತ್ತರದವರು ಅಲ್ಲಿ ಅರ್ಧ ಡಜನ್ ಇದ್ದಾರೆ. ಅವನಿಗಿಂತ ಎತ್ತರದವರೂ ಇದ್ದಾರೆ. ಸೆಂಟರ್ ಆಗಲು ಎತ್ತರ ಸಾಲದು, ಗಾರ್ಡ್ ಆಗಲು ಕೈ ಬಾರದು. ಹಿಂದಿನ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಬಾಲಕನಿಗೆ ಗಂಟಲು ಒಡೆದಾಗ ಬರುತ್ತಿದ್ದ ಗತಿಯೇ ಇದು. ಬೇರೆ ಪಾತ್ರವನ್ನು ಮೊದಲೇ ಕಲಿತಿದ್ದವನು ಉಳಿದುಕೊಳ್ಳುತ್ತಿದ್ದ.

ಅಮೆರಿಕದಲ್ಲಿ ಹೈಸ್ಕೂಲು ಮುಗಿಯುವುದು ಹದಿನೆಂಟರ ಸುಮಾರಿಗೆ. ಅಷ್ಟರೊಳಗೆ ಮೈಯ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ. ಅಲ್ಲಿನ ಕಾಲೇಜು ತರಬೇತುದಾರರು ತೂಗಿ ನೋಡುವುದು ಸರಿಸುಮಾರು ಪೂರ್ತಿ ಬೆಳೆದ ಹುಡುಗನನ್ನು. ನಮ್ಮಲ್ಲಿ ಹತ್ತನೆಯ ತರಗತಿ ಮುಗಿದೊಡನೆ ‘ಕಾಲೇಜು’ ಎನ್ನುತ್ತೇವೆ. ಪದವಿಪೂರ್ವ ತರಗತಿಗೆ ಸೇರುವ ಹುಡುಗನಿಗೆ ಇನ್ನೂ ಹದಿನಾರು. ಆದ್ದರಿಂದ ಇಲ್ಲಿ ತೂಗುವವರು ಇಂದಿನ ಹುಡುಗನನ್ನಷ್ಟೇ ಅಲ್ಲ, ಎರಡು ವರ್ಷದ ಮುಂದಿನವನನ್ನೂ ಊಹಿಸಬೇಕಾಗುತ್ತದೆ.

ಊಹೆಗೆ ಆಧಾರವುಂಟು. ವೈದ್ಯರು ಬಳಸುವ ಒಂದು ಲೆಕ್ಕ ಹೀಗಿದೆ: ತಂದೆ ತಾಯಿಗಳ ಎತ್ತರವನ್ನು ಕೂಡಿ ಎರಡರಿಂದ ಭಾಗಿಸಿ, ಮಗನಾದರೆ ಆರೂವರೆ ಸೆಂಟಿಮೀಟರು ಕೂಡಿಸಬೇಕು, ಮಗಳಾದರೆ ಅಷ್ಟೇ ಕಳೆಯಬೇಕು. ಬಂದ ಉತ್ತರಕ್ಕಿಂತ ಎಂಟು ಹತ್ತು ಸೆಂಟಿಮೀಟರು ಆಚೀಚೆ ಆಗಬಹುದು. ಇದು ಅಂದಾಜೇ ಹೊರತು ಜಾತಕವಲ್ಲ. ಇದಕ್ಕಿಂತಲೂ ಹೆಚ್ಚು ನಂಬತಕ್ಕದ್ದು ಮನೆಯ ಗೋಡೆಯ ಮೇಲಿನ ಪೆನ್ಸಿಲ್ ಗೆರೆ. ವರ್ಷಕ್ಕೆ ಎರಡು ಸಲ, ಬರಿಗಾಲಲ್ಲಿ ನಿಲ್ಲಿಸಿ ಗೆರೆ ಹಾಕಿ ತಾರೀಖು ಬರೆದಿಡಿ. ಬೆಳಗ್ಗೆಯೇ ಅಳೆಯಿರಿ, ಸಂಜೆಯ ಹೊತ್ತಿಗೆ ಮನುಷ್ಯ ಒಂದು ಸೆಂಟಿಮೀಟರಿನಷ್ಟು ಕುಗ್ಗಿರುತ್ತಾನೆ. ಗೆರೆಗಳ ನಡುವಣ ಅಂತರ ಕಿರಿದಾಗುತ್ತ ಬಂದರೆ ಬೆಳವಣಿಗೆ ಮುಗಿಯುತ್ತ ಬಂದಿದೆ ಎಂದರ್ಥ.

ಜೊತೆಗೆ ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯಿರಿ. ಸಾಮಾನ್ಯವಾಗಿ ಇದು ಎತ್ತರಕ್ಕೆ ಸಮೀಪವಾಗಿಯೇ ಇರುತ್ತದೆ. ಏಳೆಂಟು ಸೆಂಟಿಮೀಟರು ಹೆಚ್ಚಿದ್ದರೆ ಆ ಹುಡುಗ ತನ್ನ ಎತ್ತರಕ್ಕಿಂತ ಎತ್ತರವಾಗಿ ಆಡಬಲ್ಲ. ಚೆಂಡನ್ನು ತಡೆಯುವುದು ಕೈಯೇ ಹೊರತು ತಲೆಯಲ್ಲವಷ್ಟೆ.

ಬೆಳವಣಿಗೆ ತಡವಾಗಿ ಬಂದು ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡುವುದೂ ಉಂಟು. ಷಿಕಾಗೋ ನಗರದ ಆಂಥೊನಿ ಡೇವಿಸ್ ಹೈಸ್ಕೂಲಿನಲ್ಲಿ ಗಾರ್ಡ್ ಆಗಿದ್ದವನು. ಎರಡು ವರ್ಷದೊಳಗೆ ಸುಮಾರು ಎಂಟು ಅಂಗುಲ ಬೆಳೆದುಬಿಟ್ಟ. ಗಾರ್ಡ್ ಆಗಿದ್ದಾಗ ಕಲಿತ ಕೈಚಳಕ ಹೋಗಲಿಲ್ಲ, ಎತ್ತರ ಬಂದು ಸೇರಿತು. ಕೆಂಟಕಿ ವಿಶ್ವವಿದ್ಯಾನಿಲಯಕ್ಕೆ 2012ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಅವನು ರಿಂಗಿನ ಕೆಳಗೆ ನಿಂತು ಆಡಿದ್ದರಿಂದ. ಇಂಥವರು ಅಪರೂಪ. ಹೆಚ್ಚಿನವರ ಪ್ರಯಾಣ ಇದಕ್ಕೆ ವಿರುದ್ಧ ದಿಕ್ಕಿನದು: ಶಾಲೆಯ ಸೆಂಟರ್ ಕಾಲೇಜಿನಲ್ಲಿ ಫಾರ್ವರ್ಡ್ ಆಗುತ್ತಾನೆ, ಶಾಲೆಯ ಫಾರ್ವರ್ಡ್ ಗಾರ್ಡ್ ಆಗುತ್ತಾನೆ, ಮೆಟ್ಟಿಲು ಏರಿದಂತೆ ರಿಂಗಿನಿಂದ ದೂರ ಸರಿಯುತ್ತ ಹೋಗುತ್ತಾರೆ. ಎರಡು ದಾರಿಗೂ ಬೇಕಾದ ಬುತ್ತಿ ಒಂದೇ. ಎತ್ತರದ ಮಗುವಿಗೂ ಮೊದಲು ಗಾರ್ಡಿನ ಕೆಲಸವನ್ನೇ ಕಲಿಸಬೇಕು.

ಇನ್ನು ಆಟವನ್ನು ನೋಡುವ ಬಗೆ. ಅಂಕಗಳ ಪುಸ್ತಕ ಹಿಡಿದವನಾಗಿ ಹೇಳುತ್ತೇನೆ, ಅದರಲ್ಲಿ ಅರ್ಧ ಸತ್ಯ ಮಾತ್ರ ಇರುತ್ತದೆ. ಇವನು ಎಷ್ಟು ಅಂಕ ಗಳಿಸಿದ ಎಂಬುದನ್ನು ಅದು ಹೇಳುತ್ತದೆ. ಎದುರಾಳಿಯಲ್ಲಿ ಯಾರನ್ನು ತಡೆಯಬಲ್ಲ ಎಂಬುದನ್ನು ಹೇಳುವುದಿಲ್ಲ. ಸ್ಥಾನ ಗೊತ್ತಾಗುವುದು ಹೆಚ್ಚಾಗಿ ಈ ಎರಡನೆಯದರಿಂದ. ಚುರುಕಾದ ಸಣ್ಣ ಹುಡುಗನೊಬ್ಬ ಚೆಂಡು ತಟ್ಟುತ್ತ ಬಂದಾಗ ಇವನು ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತ ಅವನ ಎದುರಿನಲ್ಲೇ ಉಳಿಯಬಲ್ಲನೆ? ಹಾಗಾದರೆ ಗಾರ್ಡ್ ಆಗುವ ಯೋಗ್ಯತೆಯುಂಟು. ಆ ಹುಡುಗ ದಾಟಿಹೋಗುತ್ತಾನೆ, ಆದರೆ ದಪ್ಪಗಿನವನು ಬೆನ್ನು ಕೊಟ್ಟು ತಳ್ಳಿದಾಗ ಇವನು ಕದಲುವುದಿಲ್ಲ ಎಂದಾದರೆ ಒಳಗಿನ ಸ್ಥಾನವೇ ಇವನದು. ಎರಡೂ ಸಾಧ್ಯವಾದರೆ ಅದೃಷ್ಟ. ಎರಡೂ ಆಗದಿದ್ದರೆ ಎಷ್ಟು ಅಂಕ ಹಾಕಿದರೂ ಕಾಲೇಜಿನ ತರಬೇತುದಾರ ಬೆಂಚಿನ ಮೇಲೆಯೇ ಕೂರಿಸುತ್ತಾನೆ.

ಕೈಯನ್ನು ಪರೀಕ್ಷಿಸುವುದು ಸುಲಭ. ಹಲಗೆಯಿಂದ 4.6 ಮೀಟರ್ ದೂರದ ಗೆರೆಯಲ್ಲಿ ನಿಂತು ಐವತ್ತು ಫ್ರೀ ಥ್ರೋ ಎಸೆಯಲಿ. ಒಂದು ದಿನವಲ್ಲ, ನಾಲ್ಕು ದಿನ ಎಣಿಸಿ. ಇಲ್ಲಿ ಯಾರೂ ಅಡ್ಡ ಬರುವುದಿಲ್ಲ. ಎಸೆತದ ಹದ ಮಾತ್ರ ಕಾಣುತ್ತದೆ. ನೂರಕ್ಕೆ ಎಪ್ಪತ್ತು ಬೀಳುವವನಿಗೆ 6.75 ಮೀಟರಿನ ಮೂರಂಕದ ಗೆರೆಯಿಂದ ಇಂದು ಬೀಳದಿದ್ದರೂ ತೋಳು ಬಲಿತ ಮೇಲೆ ಬಿದ್ದೀತೆಂಬ ಆಸೆಯಿಡಬಹುದು. ಆಮೇಲೆ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡಂತೆ ಬರಿ ಎಡಗೈಯಲ್ಲಿ ಅಂಗಳದ ಉದ್ದ 28 ಮೀಟರನ್ನೂ ತಟ್ಟಿಕೊಂಡು ಹೋಗಲಿ, ತಲೆಯೆತ್ತಿಕೊಂಡು. ಚೆಂಡನ್ನೇ ನೋಡುತ್ತ ಹೋಗುವವನು ಸೂತ್ರಧಾರನಾಗಲಾರ. ಎಂಟು ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು, ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು. ಅಷ್ಟರಲ್ಲಿ ನಾಲ್ವರು ಜೊತೆಗಾರರು ಎಲ್ಲಿದ್ದಾರೆಂದು ಅವನಿಗೆ ಕಂಡಿರಬೇಕು.

ಮೊಬೈಲಿನಲ್ಲಿ ಹುಡುಗರು ಹಗಲಿರುಳು ನೋಡುವ ಸ್ಟೀಫನ್ ಕರಿಯ ಕಥೆ ಇಲ್ಲಿ ಉಪಯುಕ್ತ. ಸಣಕಲ ಮೈಯವನೆಂದು ದೊಡ್ಡ ಕಾಲೇಜುಗಳು ಅವನನ್ನು ಕರೆಯಲಿಲ್ಲ. ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜಿಗೆ 2006ರಲ್ಲಿ ಸೇರಿದ. ಮೊದಲ ಎರಡು ವರ್ಷ ಚೆಂಡು ತರುವ ಹೊಣೆ ಬೇರೊಬ್ಬನದು, ಕರಿ ಎಸೆತಗಾರ. ಆ ಜೊತೆಗಾರ ಓದು ಮುಗಿಸಿ ಹೋದ ಮೇಲೆ, ಮೂರನೆಯ ವರ್ಷ, ಪಾಯಿಂಟ್ ಗಾರ್ಡಿನ ಕೆಲಸ ಇವನ ಕೈಗೆ ಬಂತು. ಮುಂದೆ ಅವನು ಜಗತ್ತಿಗೆ ಪರಿಚಯವಾದದ್ದು ಆ ಸ್ಥಾನದಲ್ಲಿಯೇ. ನಮ್ಮ ಹುಡುಗರು ಅವನ ಮೂರಂಕದ ಎಸೆತವನ್ನು ಅನುಕರಿಸುತ್ತಾರೆ. ಆ ಮೂರನೆಯ ವರ್ಷ ಅವನು ಕಲಿತದ್ದನ್ನು ಅನುಕರಿಸಿದರೆ ಹೆಚ್ಚು ಲಾಭವಾದೀತು.

ಈಗ ನಮ್ಮ ಬಡಾವಣೆಯದೇ ಒಂದು ನಿದರ್ಶನ. ಹೆಸರು ಬೇಡ. ಹುಡುಗ ಮೂರು ವರ್ಷ ಶಾಲೆಯ ಸೆಂಟರ್. ತಂದೆ ಬೆಳಗ್ಗೆ ಹೋದರೆ ರಾತ್ರಿ ಬರುವ ಕೆಲಸದವರು. ಶುಲ್ಕದ ರಿಯಾಯಿತಿ ಅವರಿಗೆ ಅಲಂಕಾರವಲ್ಲ, ಅವಶ್ಯಕ. ಎರಡು ಕಾಲೇಜುಗಳು ಕೇಳಿದವು. ಒಂದು, ‘ಸೆಂಟರ್ ಬೇಕು, ಪೂರ್ತಿ ಶುಲ್ಕ ಬಿಡುತ್ತೇವೆ’ ಎಂದಿತು. ಇನ್ನೊಂದು, ‘ಅರ್ಧ ಬಿಡುತ್ತೇವೆ, ಗಾರ್ಡ್ ಮಾಡುತ್ತೇವೆ, ಮೊದಲ ವರ್ಷ ಹೆಚ್ಚು ಆಡಿಸುವುದಿಲ್ಲ’ ಎಂದಿತು. ತಾಯಿ ಮನೆಗೆ ಬಂದು, ‘ಮೇಷ್ಟ್ರೇ, ಇವ್ನು ಇನ್ನೂ ಬೆಳೀತಾನೆ ಅಲ್ವಾ? ಪೂರ್ತಿ ಫೀಸು ಬಿಡ್ತೀವಿ ಅಂತಾರಲ್ಲ’ ಎಂದರು.

ಕಾಗದ ತೆಗೆದು ಲೆಕ್ಕ ಹಾಕಿದೆವು. ತಂದೆ 168 ಸೆಂಟಿಮೀಟರು, ತಾಯಿ 157. ಕೂಡಿ ಅರ್ಧ ಮಾಡಿದರೆ 162.5, ಆರೂವರೆ ಸೇರಿಸಿದರೆ 169. ಹುಡುಗ ಆಗಲೇ 178. ಎಂದರೆ ಲೆಕ್ಕದ ಮೇಲಂಚಿನ ಹತ್ತಿರ ಬಂದು ನಿಂತಿದ್ದಾನೆ. ಎಂಟನೆಯ ತರಗತಿಯಲ್ಲಿ 171, ಒಂಬತ್ತರಲ್ಲಿ 176, ಹತ್ತರಲ್ಲಿ 178: ಐದು ಬೆಳೆದವನು ಮರುವರ್ಷ ಎರಡೇ ಬೆಳೆದಿದ್ದಾನೆ. ಬೇಗ ಬೆಳೆದ ಪೈರು ಇದು. ಇನ್ನೊಂದೆರಡು ಸೆಂಟಿಮೀಟರು ಬಂದರೆ ಹೆಚ್ಚು. ತೋಳಿನ ಅಳತೆ ಮಾತ್ರ 186. ಫ್ರೀ ಥ್ರೋ ಐವತ್ತಕ್ಕೆ ಮೂವತ್ತಾರು. ಮೂರಂಕದ ಗೆರೆಯಿಂದ ಇಪ್ಪತ್ತೈದಕ್ಕೆ ಐದು. ಎಡಗೈ ಇದೆಯೆಂದರೆ ಇದೆ, ಅಷ್ಟೆ. ಹೆಜ್ಜೆ ಚುರುಕು, ಸಣ್ಣ ಹುಡುಗರು ಇವನನ್ನು ಸುಲಭವಾಗಿ ದಾಟುತ್ತಿರಲಿಲ್ಲ.

‘ಅಮ್ಮಾ, ಇವನು ಸೆಂಟರ್ ಅಲ್ಲ’ ಎಂದೆ. ಆ ಎತ್ತರಕ್ಕೆ ಉದ್ದ ತೋಳಿರುವ ಶೂಟಿಂಗ್ ಗಾರ್ಡ್ ಬೆಲೆಯುಳ್ಳವನು. ಅದೇ ಎತ್ತರದ ಸೆಂಟರ್ ಪದವಿಪೂರ್ವದ ಎರಡು ವರ್ಷ ನಡೆದಾನು, ಪದವಿಯ ಹಂತದಲ್ಲಿ, ವಿಶ್ವವಿದ್ಯಾನಿಲಯದ ಆಯ್ಕೆಯಲ್ಲಿ ನಿಲ್ಲಲಾರ. ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಕೇಳಬೇಕಾದರೆ ಪ್ರಮಾಣಪತ್ರ ಬೇಕು; ಪ್ರಮಾಣಪತ್ರ ಬೇಕಾದರೆ ದೊಡ್ಡ ತಂಡದ ಹನ್ನೆರಡು ಮಂದಿಯಲ್ಲಿ ಒಬ್ಬನಾಗಬೇಕು. ಪೂರ್ತಿ ಶುಲ್ಕ ಬಿಡುವವರು ಎರಡು ವರ್ಷದ ಶುಲ್ಕ ಬಿಟ್ಟು ಅವನು ಗಾರ್ಡಿನ ಕೆಲಸ ಕಲಿಯಬೇಕಾದ ಎರಡು ವರ್ಷವನ್ನು ತೆಗೆದುಕೊಳ್ಳುತ್ತಾರೆ. ಆದರೂ ಉಳಿದರ್ಧ ಹಣ ಎಲ್ಲಿಂದ ಎಂಬುದು ಅವರ ಮನೆಯ ಪ್ರಶ್ನೆ. ಅದಕ್ಕೆ ಉತ್ತರ ನನ್ನ ಅಂಕಗಳ ಪುಸ್ತಕದಲ್ಲಿರಲಿಲ್ಲ. ಅವರು ಎರಡು ದಿನ ಯೋಚಿಸಿ, ಸೋದರಮಾವನ ನೆರವು ಪಡೆದು, ಎರಡನೆಯ ಕಾಲೇಜಿಗೆ ಸೇರಿಸಿದರು. ಮೊದಲ ವರ್ಷ ಹುಡುಗ ಹೇಳಿದಂತೆಯೇ ಬೆಂಚಿನ ಮೇಲೆ ಕುಳಿತ. ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದ. ಸಂಜೆ ಮಾತ್ರ ಬೀದಿಯ ಉದ್ದಕ್ಕೂ ಎಡಗೈ ಚೆಂಡಿನ ಸದ್ದು ಕೇಳಿಸುತ್ತಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಅವರ ಬೆಳವಣಿಗೆ ಬೇಗ ಮುಗಿಯುತ್ತದೆ. ಮೈನೆರೆದ ಮೇಲೆ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರು ಉಳಿದಿರುತ್ತದೆ. ಹತ್ತನೆಯ ತರಗತಿಯಲ್ಲಿ ಕಾಣುವ ಎತ್ತರವೇ ಬಹುತೇಕ ಕೊನೆಯ ಎತ್ತರ. ಅವರ ಚೆಂಡು ತುಸು ಚಿಕ್ಕದು, ರಿಂಗಿನ ಎತ್ತರ ಮಾತ್ರ ಅದೇ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾನಿಲಯಕ್ಕೆ ಆಟದ ವಿದ್ಯಾರ್ಥಿವೇತನದ ಮೇಲೆ ಹೋಗಿ ಅಲ್ಲಿ ಫಾರ್ವರ್ಡ್ ಆಗಿ ಆಡಿದರು. ಕನ್ನಡನಾಡಿನ ಹುಡುಗಿಗೆ ಅಂಥ ಬಾಗಿಲು ತೆರೆಯುವುದುಂಟು ಎಂದು ತೋರಿಸಲು ಈ ಒಂದು ಹೆಸರು ಸಾಕು. ಹೆಣ್ಣುಮಕ್ಕಳ ಮನೆಯವರು ಆಟವನ್ನು ಹತ್ತನೆಯ ತರಗತಿಗೇ ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲದ ಸಂಗತಿ.

ಕಾಲೇಜಿನವರು ನಿಮ್ಮ ಮಗುವನ್ನು ಕರೆದಾಗ ಸಂಕೋಚಪಡದೆ ಕೆಲವು ಮಾತು ಕೇಳಿ. ಯಾವ ಸ್ಥಾನಕ್ಕೆ ಕರೆಯುತ್ತಿದ್ದೀರಿ? ಆ ಸ್ಥಾನದಲ್ಲಿ ಈಗ ಎಷ್ಟು ಜನರಿದ್ದಾರೆ, ಅವರ ಓದು ಎಂದು ಮುಗಿಯುತ್ತದೆ? ವಾರಕ್ಕೆ ಎಷ್ಟು ದಿನ ಅಭ್ಯಾಸ? ಅಂಗಳ ಸಿಮೆಂಟಿನದೋ, ಮರದ್ದೋ? ಸಿಮೆಂಟಾದರೆ ಮಂಡಿಯ ಮೇಲೆ ಬೀಳುವ ಪೆಟ್ಟು ಹೆಚ್ಚು, ಒಳ್ಳೆಯ ಷೂಸಿನ ಖರ್ಚನ್ನು ಆಗಲೇ ಲೆಕ್ಕಕ್ಕೆ ಹಿಡಿಯಬೇಕು. ಪರೀಕ್ಷೆಯ ತಿಂಗಳಲ್ಲಿ ಪಂದ್ಯ ಬಿದ್ದರೆ ತಪ್ಪಿದ ಪಾಠವನ್ನು ಯಾರು ಹೇಳಿಕೊಡುತ್ತಾರೆ? ಕಾಲು ಉಳುಕಿ ಒಂದು ವರ್ಷ ಆಡಲಾಗದಿದ್ದರೆ ರಿಯಾಯಿತಿ ನಿಲ್ಲುತ್ತದೆಯೆ? ಈ ಕೊನೆಯದಕ್ಕೆ ಬರುವ ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಸಿಕೊಳ್ಳಿ.