ಪಕ್ಕದಲ್ಲಿ ಕೂರುವವರು

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಭ್ರಮೆ ಹುಟ್ಟಿಸುವ ಅಣಬೆಯನ್ನು ತಿನ್ನಲು ಈಗ ಕಾನೂನಿನ ದಾರಿಯಿದೆ. ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯುವಂತಿಲ್ಲ, ಅಷ್ಟೆ. ವಯಸ್ಸು 21 ತುಂಬಿರಬೇಕು. ಮೊದಲೊಮ್ಮೆ ಕೂತು ಮಾತಾಡಬೇಕು. ಲಿಥಿಯಂ ಮಾತ್ರೆ ನುಂಗುತ್ತಿದ್ದೀರಾ, ಹಿಂದೆ ಬುದ್ಧಿಭ್ರಮಣೆ ಕಾಡಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ದಿಗಿಲಾದಾಗ ನಿಮ್ಮನ್ನು ಮುಟ್ಟಬಹುದೇ, ಮುಟ್ಟುವುದಾದರೆ ಕೈಯೋ ಹೆಗಲೋ ಪಾದವೋ ಎಂಬುದಕ್ಕೂ ಮುಂಚೆಯೇ ಲಿಖಿತ ಒಪ್ಪಿಗೆ ಬೇಕು. ವಾಪಸು ಹೋಗುವಾಗ ಕಾರು ನೀವೇ ಓಡಿಸುವಂತಿಲ್ಲ, ಹೇಗೆ ಹೋಗುತ್ತೀರೆಂದು ಮೊದಲೇ ಹೇಳಿರಬೇಕು. ಆಮೇಲೆ ಒಂದು ಕೋಣೆ, ಒರಗಲು ಹಾಸಿಗೆ, ಪಕ್ಕದಲ್ಲಿ ಒಬ್ಬ ಮನುಷ್ಯ. ಪ್ರಮಾಣ ಹೆಚ್ಚಿದ್ದರೆ ಐದಾರು ಗಂಟೆ ಆ ಮನುಷ್ಯ ಅಲ್ಲೇ ಕೂತಿರಬೇಕು.

ಬಾಣಂತಿ ಕೋಣೆಯಲ್ಲಿ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ ಅಜ್ಜಿಯರನ್ನು ನೋಡಿದವರಿಗೆ ಈ ಕೆಲಸದ ಬೆಲೆ ಗೊತ್ತು. ಮಾಡುವುದು ಹೆಚ್ಚೇನೂ ಇರುವುದಿಲ್ಲ, ಆದರೆ ಎದ್ದು ಹೋಗುವ ಹಾಗಿಲ್ಲ.

ಹೀಗೆ ಕೂರುವ ಕೆಲಸ ಕಾನೂನಿನ ಪುಸ್ತಕದೊಳಗೆ ಬಂದದ್ದು ಬಹಳ ಸುತ್ತುಬಳಸಿ. ಮೆಕ್ಸಿಕೊದ ಒವಾಹಾಕ ಬೆಟ್ಟಸೀಮೆಯ ವಾವ್ಟ್ಲ ಊರಲ್ಲಿ ಮರಿಯಾ ಸಬೀನಾ ಎಂಬ ಮಸಾತೆಕ್ ಹೆಂಗಸಿದ್ದರು. ಕಾಯಿಲೆ ಬಿದ್ದವರು ಬಂದರೆ ಅಣಬೆಗಳನ್ನು ಜೋಡಿ ಜೋಡಿಯಾಗಿ ಕೊಟ್ಟು, ತಾವೂ ತಿಂದು, ದೀಪ ಆರಿಸಿ, ಕತ್ತಲಲ್ಲಿ ಹಾಡುತ್ತ ಬೆಳಗು ಮಾಡುತ್ತಿದ್ದರು. ಆ ಅಣಬೆಗಳನ್ನು ಅವರು ಕರೆಯುತ್ತಿದ್ದದ್ದು ಪವಿತ್ರ ಮಕ್ಕಳು ಎಂದು. 1955ರ ಜೂನ್ 29ರ ರಾತ್ರಿ ಆ ಕತ್ತಲಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್ ಕೂಡ ಕೂತಿದ್ದರು. ಎರಡು ವರ್ಷದ ಮೇಲೆ ‘ಲೈಫ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಸಬೀನಾರ ಹೆಸರನ್ನು ಮರೆಮಾಚಿದ್ದರೂ ಜನ ಊರು ಹುಡುಕಿಕೊಂಡು ಬಂದರು. ಬಂದವರಲ್ಲಿ ಹೆಚ್ಚಿನವರಿಗೆ ಬೇಕಿದ್ದದ್ದು ಅಣಬೆಯೇ ಹೊರತು ಆ ರಾತ್ರಿಯ ಕಟ್ಟುಪಾಡಲ್ಲ. ಪೊಲೀಸರ ಕಣ್ಣು ಆಕೆಯ ಮೇಲೆ ಬಿತ್ತು, ಊರವರು ಮುನಿದರು, ಮನೆ ಸುಟ್ಟುಹೋಯಿತು. 1985ರಲ್ಲಿ ಅವರು ತೀರಿಕೊಂಡದ್ದು ಬಡತನದಲ್ಲೇ. ಈ ಅಣಬೆಯ ಬಗ್ಗೆ ಕಾನೂನು ಬರೆಯಲು ಕೂರುವ ಯಾರೇ ಆಗಲಿ ಈ ಕಥೆಯನ್ನು ಮೊದಲು ಓದಬೇಕು ಅನ್ನಿಸುತ್ತದೆ.

1958ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್ಮನ್ ಅಣಬೆಯೊಳಗೆ ಭ್ರಮೆ ಹುಟ್ಟಿಸುವ ಸಿಲೋಸಿಬಿನ್ ಅನ್ನು ಬೇರ್ಪಡಿಸಿದರು. 1970ರ ಅಮೆರಿಕದ ಕಾಯ್ದೆ ಅದನ್ನು ಹೆರಾಯಿನ್ ಇರುವ ಪಟ್ಟಿಗೇ ಸೇರಿಸಿತು. ಆಮೇಲೆ ದಶಕಗಳ ಮೌನ. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 36 ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಅಲ್ಲಿ ಮನೆಯ ಹಜಾರದಂಥ ಕೋಣೆಯಿತ್ತು, ಕಣ್ಣಿಗೆ ಪಟ್ಟಿಯಿತ್ತು, ಸಂಗೀತವಿತ್ತು, ಕಾದು ಕೂರುವವರಿದ್ದರು. ವಾವ್ಟ್ಲದ ರಾತ್ರಿ ಹಗಲಿನ ವೇಷದಲ್ಲಿ ಮರಳಿತ್ತು.

ಆರೆಗಾನಿನ ಆಪ್ತಸಲಹೆಗಾರ ದಂಪತಿ ಟಾಮ್ ಮತ್ತು ಶೆರಿ ಎಕರ್ಟ್ ಹೀಗೆ ಪಕ್ಕದಲ್ಲಿ ಕೂತು ಅಣಬೆ ಕೊಡುವುದನ್ನು ಕಾನೂನಾಗಿಸುವ ಪ್ರಸ್ತಾಪವನ್ನು ಜನರ ಮುಂದಿಟ್ಟರು. 2020ರ ನವೆಂಬರಿನಲ್ಲಿ ಶೇ 56ರಷ್ಟು ಮತದಾರರು ಒಪ್ಪಿದರು. ಮರುತಿಂಗಳೇ ಶೆರಿ ತೀರಿಕೊಂಡರು. ಮೊದಲ ಕೇಂದ್ರ ಬಾಗಿಲು ತೆರೆದದ್ದನ್ನು ನೋಡಲಿಲ್ಲ. ನಿಯಮ ಬರೆಯಲು ಎರಡು ವರ್ಷ ಹಿಡಿಯಿತು. ಒಂದೇ ಜಾತಿಯ ಅಣಬೆ ಬೆಳೆಯಬೇಕು. ಕಾಡಿನಲ್ಲಿ, ಬಯಲಲ್ಲಿ ಅದು ಏಳುವುದು ದನದ ಸಗಣಿಯ ಮೇಲೆ. ನಿಯಮ ಗೊಬ್ಬರವನ್ನು ಬೇಡವೆಂದಿತು. ಒಮ್ಮೆಗೆ 50 ಮಿಲಿಗ್ರಾಂ ಸಿಲೋಸಿಬಿನ್ ಮೀರಬಾರದು. ಕೂರುವವರಿಗೆ 120 ಗಂಟೆ ತರಬೇತಿ, ಮೇಲೆ 40 ಗಂಟೆ ಕೈಪಳಗಿಕೆ. ವೈದ್ಯರ ಚೀಟಿ ಬೇಡ, ರೋಗವಿರಲೇಬೇಕೆಂದೂ ಇಲ್ಲ. ಅತ್ತ ಆಸ್ಪತ್ರೆಯೂ ಅಲ್ಲದ, ಇತ್ತ ಹೆಂಡದಂಗಡಿಯೂ ಅಲ್ಲದ ಮೂರನೆಯ ಜಾಗವೊಂದು ಹಾಗೆ ಹುಟ್ಟಿತು. 2023ರ ಮೇ ತಿಂಗಳಲ್ಲಿ ಯುಜೀನ್ ನಗರದ ಕೇಂದ್ರಕ್ಕೆ ಮೊದಲ ಪರವಾನಗಿ ಸಿಕ್ಕಿತು.

ಆ ಮೂರನೆಯ ಜಾಗ ಸರಿಯೆಂದೇ ನನ್ನ ನಂಬಿಕೆ. ತಪ್ಪಿದ್ದು ಲೆಕ್ಕದಲ್ಲಿ. ಕೇಂದ್ರ ವರ್ಷಕ್ಕೆ 10,000 ಡಾಲರ್ ಪರವಾನಗಿ ಶುಲ್ಕ ಕಟ್ಟಬೇಕು, ಕೂರುವವರು 2,000. ಒಕ್ಕೂಟ ಸರ್ಕಾರದ ಕಣ್ಣಲ್ಲಿ ಅಣಬೆ ಇಂದಿಗೂ ಅಪರಾಧವಾದ್ದರಿಂದ ಬಾಡಿಗೆ, ಸಂಬಳದಂಥ ಖರ್ಚುಗಳನ್ನು ತೆರಿಗೆಯಲ್ಲಿ ಕಳೆಯಲೂ ಬಿಡುವುದಿಲ್ಲ. ಅದೆಲ್ಲ ಕೊನೆಗೆ ಹೊರಳುವುದು ಹಾಸಿಗೆಯಲ್ಲಿ ಒರಗಿದವರ ಹೆಗಲಿಗೆ. ಒಂದು ಸಲಕ್ಕೇ ಸಾವಿರ ಡಾಲರ್ ದಾಟುವುದು ಮಾಮೂಲು; ವಿಮೆ ಬರುವುದಿಲ್ಲ. ಖಿನ್ನತೆಯಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವರು ಅಷ್ಟು ಹಣ ಎಲ್ಲಿಂದ ತರಬೇಕು?

ಕೊಲರಾಡೊ 2022ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿ ಕೇಂದ್ರಗಳಿಗೆ ಅವಕಾಶವಿದೆ, ವಯಸ್ಕರು ಮನೆಯಲ್ಲಿ ತಮಗಾಗಿ ಬೆಳೆದು ಹಣವಿಲ್ಲದೆ ಹಂಚಿಕೊಳ್ಳಲೂ ಬಹುದು. ಬಡವರಿಗೆ ದಾರಿಯೇನೋ ಆಯಿತು, ಆದರೆ ಮನೆಯಲ್ಲಿ ತಿಂದವರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು ಅವರವರ ಪುಣ್ಯಕ್ಕೆ ಬಿಟ್ಟದ್ದಾಯಿತು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರು, ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ, ಸಿಲೋಸಿಬಿನ್ ಬರೆದುಕೊಡಬಹುದು.

ನಮ್ಮಲ್ಲಿ ಮಾತು ಇನ್ನೂ ತಕ್ಕಡಿಯ ಹತ್ತಿರವೇ ನಿಂತಿದೆ. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವುದು ಸಿಲೋಸಿಬಿನ್; ಶಿಕ್ಷೆ ನಿಲ್ಲುವುದು ತೂಕದ ಮೇಲೆ. ಹಾಗಾದರೆ ತೂಗಬೇಕಾದದ್ದು ಅದನ್ನೋ, ಇಡೀ ಅಣಬೆಯನ್ನೋ? 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟಿನ ನಿಲುವನ್ನು ಒಪ್ಪಿ, ಅಣಬೆಯನ್ನು ಮಿಶ್ರಣವೆಂದು ಎಣಿಸಲಾಗದು, ಅಂದರೆ ಇಡೀ ಅಣಬೆಯ ತೂಕವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದಿತು.

ಮತ್ತೆ ಆರೆಗಾನಿಗೆ ಬಂದರೆ, ಅಲ್ಲಿ ಮಾಡಬೇಕಾದ್ದು ಕಷ್ಟದ್ದೇನಲ್ಲ. ಕೂರುವವರ 2,000 ಡಾಲರ್ ಶುಲ್ಕವನ್ನು ನೂರಿನ್ನೂರಕ್ಕೆ ಇಳಿಸಲಿ. ತರಬೇತಿಯ ಖರ್ಚನ್ನು ಸರ್ಕಾರ ಹೊರಲಿ, ಸೂಲಗಿತ್ತಿಯರನ್ನು, ದಾದಿಯರನ್ನು, ಸಾಯುವವರ ಪಕ್ಕದಲ್ಲಿ ಕೂತು ಅಭ್ಯಾಸವಿರುವವರನ್ನು ಮೊದಲು ಕರೆಯಲಿ. 120 ಗಂಟೆಯಲ್ಲಿ ಒಂದು ಗಂಟೆಯನ್ನೂ ಕಡಿಮೆ ಮಾಡುವುದು ಬೇಡ.