ಪಾದುವಾ ನಗರದ ಪುರಾತನ ದೇವಮಂದಿರಗಳು

ಇಟಲಿ ಎಂದೊಡನೆ ನಮ್ಮವರ ನೆನಪಿಗೆ ಬರುವುದು ರೋಮ್ ಮತ್ತು ವೆನಿಸ್ ನಗರಗಳು. ಮಕ್ಕಳು ಯುರೋಪಿನಲ್ಲಿ ನೆಲೆಸಿರುವುದರಿಂದ ಆ ಕಡೆಗೆ ಪ್ರವಾಸ ಹೊರಡುವ ಹಿರಿಯರು ಇಂದು ಅನೇಕರಿದ್ದಾರೆ. ಅಂಥವರಿಗೆ ಉತ್ತರ ಇಟಲಿಯ ಪಾದುವಾ ನಗರವನ್ನು ಪರಿಚಯಿಸಬೇಕೆಂಬುದು ನಮ್ಮ ಅಪೇಕ್ಷೆ. ಇದು ವೆನಿಸ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ರೈಲಿನಲ್ಲಿ ಅರ್ಧ ಗಂಟೆಯ ಹಾದಿ.

ಇಲ್ಲಿ ಮೊದಲು ನೋಡತಕ್ಕುದು ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರ. ರೆಜಿನಾಲ್ಡೊ ಸ್ಕ್ರೊವೆನ್ಯಿ ಎಂಬ ಧನಿಕನು ಬಡ್ಡಿ ವ್ಯವಹಾರದಿಂದ ಕುಖ್ಯಾತನಾಗಿದ್ದನು. ಮಹಾಕವಿ ಡಾಂಟೆ ತನ್ನ ಕಾವ್ಯದಲ್ಲಿ ಈ ಮನೆತನದ ಲಾಂಛನ ಹೊತ್ತ ಬಡ್ಡಿಕೋರನೊಬ್ಬನನ್ನು ನರಕದಲ್ಲಿ ಕೂರಿಸಿದ್ದಾನೆ. ರೆಜಿನಾಲ್ಡೊನ ಮಗ ಎನ್ರಿಕೊ 1300ರಲ್ಲಿ ಈ ನಿವೇಶನವನ್ನು ಕೊಂಡು ಮಂದಿರ ಕಟ್ಟಿಸಿದನು. 1305ರ ಮಾರ್ಚ್ 25ರಂದು ಅದರ ಪ್ರತಿಷ್ಠೆ ನೆರವೇರಿತು. ತಂದೆಯ ಪಾಪಕ್ಕೆ ಇದು ಪ್ರಾಯಶ್ಚಿತ್ತವೆಂಬುದು ಪರಂಪರೆಯ ನಂಬಿಕೆ. ಮನೆತನದ ಕೀರ್ತಿಯ ಹಂಬಲವೂ ಇದ್ದಿತೆಂದು ಹೇಳುವ ವಿದ್ವಾಂಸರುಂಟು. ಎರಡೂ ನಿಜವಿರಬಹುದು.

ಒಳಗೋಡೆಗಳ ಭಿತ್ತಿಚಿತ್ರಗಳು ಜೊತ್ತೋ ಎಂಬ ಚಿತ್ರಕಾರನ ಕೃತಿಗಳು. ಮೇಲೆ ಚುಕ್ಕಿಗಳಿಂದ ತುಂಬಿದ ನೀಲಾಕಾಶ. ಗೋಡೆಗಳಲ್ಲಿ ಮೇರಿ ಮತ್ತು ಕ್ರಿಸ್ತರ ಜೀವನಕಥೆ. ಕೆಳಗೆ ಏಳು ಸದ್ಗುಣ, ಏಳು ದುರ್ಗುಣಗಳ ಮೂರ್ತಿರೂಪ. ಗತಿಸಿದ ಮಗನ ಮುಖಕ್ಕೆ ಮುಖವಿಟ್ಟು ನೋಡುವ ತಾಯಿಯ ದುಃಖವನ್ನು ಅರಿಯಲು ಯಾವ ಭಾಷೆಯೂ ಬೇಕಿಲ್ಲ. ಅಂತಿಮ ತೀರ್ಪಿನ ಚಿತ್ರದಲ್ಲಿ ಎನ್ರಿಕೊ ಮೊಣಕಾಲೂರಿ ಮಂದಿರದ ಪ್ರತಿಕೃತಿಯನ್ನು ಅರ್ಪಿಸುತ್ತಿದ್ದಾನೆ. ಅದೇ ಗೋಡೆಯ ನರಕದಲ್ಲಿ ಬಡ್ಡಿಕೋರರು ತಮ್ಮ ಹಣದ ಚೀಲದ ದಾರಕ್ಕೇ ನೇತುಬಿದ್ದಿದ್ದಾರೆ. ದಾನವನ್ನು ಮೆಚ್ಚುವ ಮುನ್ನ ಧನ ಬಂದ ದಾರಿಯನ್ನು ವಿಚಾರಿಸಬೇಕೆಂಬ ಮಾತು ಎಲ್ಲ ಕಾಲಕ್ಕೂ ಸಲ್ಲುವಂಥದು.

ಜನರ ಉಸಿರಿನ ತೇವ ಮತ್ತು ಹೊರಗಿನ ಧೂಳು ಈ ಚಿತ್ರಗಳಿಗೆ ಹಾನಿಕರ. ಆದಕಾರಣ ಯಾತ್ರಿಕರನ್ನು ಸಣ್ಣ ತಂಡಗಳಾಗಿ ಮಾತ್ರ ಬಿಡುತ್ತಾರೆ. ಗಾಳಿ ನಿಯಂತ್ರಿತ ಕೊಠಡಿಯಲ್ಲಿ ಕಾಲು ಗಂಟೆ ಕುಳಿತ ಮೇಲೆ ಒಳಗೆ ಸಾಮಾನ್ಯವಾಗಿ ಕಾಲು ಗಂಟೆಯಷ್ಟೇ ಅವಕಾಶ. ಟಿಕೆಟನ್ನು ಮುಂಗಡವಾಗಿಯೇ ಕಾದಿರಿಸುವುದು ಕ್ಷೇಮ.

ಇಷ್ಟು ಎಚ್ಚರವೇಕೆಂಬುದಕ್ಕೆ ಉತ್ತರ ಕೂಗಳತೆಯಲ್ಲೇ ಇದೆ. ಎರೆಮಿತಾನಿ ಚರ್ಚಿನ ಒವೆತಾರಿ ಮಂದಿರದಲ್ಲಿ ಮಾಂತೇನ್ಯ ಎಂಬ ಚಿತ್ರಕಾರನು ಹರೆಯದಲ್ಲಿ ಬರೆದ ಭಿತ್ತಿಚಿತ್ರಗಳಿದ್ದವು. 1944ರ ಮಾರ್ಚ್ 11ರಂದು ಮಿತ್ರರಾಷ್ಟ್ರಗಳ ಬಾಂಬು ಬಿದ್ದು ಅವುಗಳಲ್ಲಿ ಬಹುಪಾಲು ನುಚ್ಚುನೂರಾದವು. ಅವಶೇಷಗಳಿಂದ ಆಯ್ದ ಚೂರುಗಳು 80,000ಕ್ಕೂ ಅಧಿಕ. ಹಳೆಯ ಛಾಯಾಚಿತ್ರಗಳೊಡನೆ ಗಣಕಯಂತ್ರದಿಂದ ಹೋಲಿಸಿ, ಚೂರುಗಳ ಸ್ಥಾನವನ್ನು ಹುಡುಕಿ, 2006ರಲ್ಲಿ ಅವನ್ನು ಮತ್ತೆ ಗೋಡೆಗೇರಿಸಿದರು. ಚೂರುಗಳ ನಡುವೆ ಖಾಲಿ ಉಳಿದ ಭಾಗವೇ ಹೆಚ್ಚು. ಕ್ಷಣಮಾತ್ರದಲ್ಲಿ ಕೆಡವಿದ್ದನ್ನು ಅರವತ್ತು ವರ್ಷಗಳ ಬಳಿಕವೂ ಪೂರ್ಣವಾಗಿ ಕಟ್ಟಲಾಗಲಿಲ್ಲ.

ಮೂರನೆಯದು ಸಂತ ಆಂಟನಿಯವರ ಮಹಾದೇವಾಲಯ. ಲಿಸ್ಬನ್ನಿನಲ್ಲಿ ಹುಟ್ಟಿದ ಈ ಪ್ರವಚನಕಾರ ಸನ್ಯಾಸಿ 1231ರಲ್ಲಿ ದೇಹವಿಟ್ಟರು. ಮರುವರ್ಷವೇ ಅವರಿಗೆ ಸಂತಪದವಿ ದೊರೆಯಿತು. ಊರವರು ಹೆಸರು ಹೇಳದೆ ಈ ಗುಡಿಯನ್ನು ‘ಇಲ್ ಸಾಂತೋ’, ಅಂದರೆ ‘ಸಂತ’ ಎಂದೇ ಕರೆಯುತ್ತಾರೆ. ಭಕ್ತರು ಸಮಾಧಿಯ ಕಲ್ಲಿಗೆ ಅಂಗೈ ಒತ್ತಿ ಮೌನವಾಗಿ ನಿಲ್ಲುತ್ತಾರೆ. ಕಳೆದುಹೋದ ವಸ್ತುಗಳಿಗಾಗಿ ಇವರನ್ನು ಪ್ರಾರ್ಥಿಸುವ ವಾಡಿಕೆಯುಂಟು. ಹೊರಗಿನ ಚೌಕದಲ್ಲಿ ದೊನತೆಲ್ಲೋ ಎರಕ ಹೊಯ್ದ ಕಂಚಿನ ಅಶ್ವಾರೋಹಿ ಪ್ರತಿಮೆಯಿದೆ.

ಸಮಯವಿದ್ದರೆ 1545ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನವನ್ನೂ, 1222ರಷ್ಟು ಹಳೆಯದಾದ ವಿಶ್ವವಿದ್ಯಾಲಯವನ್ನೂ ನೋಡಬಹುದು. ಗೆಲಿಲಿಯೋ ಬೋಧಿಸಿದ ಈ ವಿದ್ಯಾಪೀಠವೇ 1678ರಲ್ಲಿ ಎಲೆನಾ ಕೊರ್ನಾರೊ ಎಂಬ ಮಹಿಳೆಗೆ ತತ್ವಶಾಸ್ತ್ರದ ಡಾಕ್ಟರೇಟ್ ನೀಡಿತು. ಹೆಣ್ಣುಮಕ್ಕಳಿಗೆ ಅವಶ್ಯವಾಗಿ ಹೇಳಬೇಕಾದ ಸಂಗತಿಯಿದು.

ಪರಧರ್ಮದ ದೇವಮಂದಿರವನ್ನು ಪ್ರವೇಶಿಸುವಾಗ ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ, ಪೂಜೆಯ ವೇಳೆ ಓಡಾಡದೆ, ಗೋಡೆ ಮುಟ್ಟದೆ ನೋಡಿ ಬರುವುದು ಸಜ್ಜನಿಕೆ. ಊರಿಗೆ ಮರಳಿದ ಮೇಲೆ ನಮ್ಮ ಹಳೆಯ ಗುಡಿಗಳ ಗೋಡೆಗೆ ಸುಣ್ಣ ಬಳಿಯುವ ಮೊದಲು ಅದರಡಿಯಲ್ಲಿ ಚಿತ್ರವಿದೆಯೇ ಎಂದು ಒಮ್ಮೆ ನೋಡಿದರೆ ಯಾತ್ರೆ ಸಾರ್ಥಕ.